ಮೊದಲು 530 ರೂಪಾಯಿ, ಮಿಕ್ಕಿದ್ದು ಆಮೇಲೆ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದಳು. 2025ರ ಏಪ್ರಿಲ್ 8ರಂದು ರಿಸಲ್ಟ್ ಬಂತು. ಬೇರೆ ಎಲ್ಲದರಲ್ಲೂ 85ರ ಮೇಲಿದೆ, ಭೌತಶಾಸ್ತ್ರದಲ್ಲಿ ಮಾತ್ರ 56. ಅದರಲ್ಲೂ 29 ಪ್ರಾಕ್ಟಿಕಲ್‌ನದು. ಥಿಯರಿಗೆ 70ಕ್ಕೆ ಬರೀ 27. ಪರೀಕ್ಷೆ ಮುಗಿಸಿ ಬಂದ ದಿನ "ಚೆನ್ನಾಗಿ ಬರ್ದಿದೀನಮ್ಮ" ಅಂದಿದ್ದಳು. ನಾನು ರೀವ್ಯಾಲ್ಯುಯೇಷನ್‌ಗೆ ಹಾಕೋಣ ಅನ್ನುತ್ತೇನೆ. ನಮ್ಮ ಯಜಮಾನರು, ಇಂಜಿನಿಯರಿಂಗ್‌ಗೆ ಸಿಇಟಿ ತಾನೇ ಬೇಕಿರೋದು, ಪಿಯು ಮಾರ್ಕ್ಸ್ ಯಾರು ಕೇಳ್ತಾರೆ ಅನ್ನುತ್ತಾರೆ. ಭಾವನವರು ನಿವೃತ್ತ ಮೇಷ್ಟ್ರು, ಪರೀಕ್ಷೆ-2 ಅಂತ ಎರಡನೇ ಸಲ ನಡೆಯುತ್ತಲ್ಲ, ಅದನ್ನು ಕಟ್ಟಿಸಿ ಎಂದು ಹಟ ಹಿಡಿದಿದ್ದಾರೆ. ಕಟ್ಟಿಸಿದರೆ ನೆಂಟರೆಲ್ಲ ಸಪ್ಲಿಮೆಂಟರಿ ಅಂದುಕೊಳ್ಳುತ್ತಾರಲ್ಲ ಎಂದು ನನಗೆ ಸಂಕೋಚ. ಏನು ಮಾಡಲಿ? ಹೇಳೋದು ಮರೆತೆ, ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸೋಣ ಅಂದರೆ ಮಗಳು ಬೇಡವೇ ಬೇಡ ಅನ್ನುತ್ತಾಳೆ.
– ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ

ನಮಸ್ಕಾರ ತಾಯಿ. ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿದ್ದೆ. ಪತ್ರಿಕೆಯಲ್ಲಿ ಉತ್ತರ ಅಚ್ಚಾಗುವವರೆಗೆ ಕಾದರೆ ಅರ್ಜಿ ಹಾಕುವ ಕೊನೆ ದಿನ ದಾಟಿರುತ್ತಿತ್ತು. ಅವತ್ತು ಮುಖ್ಯವಾಗಿ ಎರಡು ಮಾತು ಹೇಳಿದೆ. 530 ರೂಪಾಯಿ ಕಟ್ಟಿ ಸ್ಕ್ಯಾನ್ ಕಾಪಿಗೆ ಅರ್ಜಿ ಹಾಕಿ, ಜೊತೆಗೇ ಕಾಲೇಜಿಗೆ ಹೋಗಿ ಪರೀಕ್ಷೆ-2ಕ್ಕೂ ಹೆಸರು ಕೊಡಿ. ಯಾಕೆ ಅಂತ ಹೇಳುವಷ್ಟರಲ್ಲಿ ನಿಮ್ಮ ಕುಕ್ಕರ್ ಕೂಗಿತು. ಆ 'ಯಾಕೆ' ಇಲ್ಲಿದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಇನ್ನೂ ಬರಬೇಕು. ಅಲ್ಲೂ ಇದೇ ಪ್ರಶ್ನೆ ಏಳುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತು. ಅವರು ಮೆಡಿಕಲ್ ಬಗ್ಗೆ ಹಾಗೆ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಅಲ್ಲಿ ನೀಟ್ ರ‍್ಯಾಂಕೇ ಎಲ್ಲ, ಪಿಯು ಅಂಕ ಅರ್ಹತೆಗೆ ಮಾತ್ರ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಯಲ್ಲೂ ಅಷ್ಟೇ. ಆದರೆ ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವಾಗ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ.

ಲೆಕ್ಕ ಹಾಕಿ ನೋಡೋಣ. ಪಿಯುಸಿಯ ಈ ಮೂರು ವಿಷಯಕ್ಕೆ ಒಟ್ಟು 300. ಸಿಇಟಿಯಲ್ಲಿ ಅದೇ ಮೂರು ವಿಷಯಕ್ಕೆ 180, ಪ್ರಶ್ನೆಗೊಂದು ಅಂಕ. ಎರಡಕ್ಕೂ ಸಮಪಾಲು ತೂಕ. ಅಂದರೆ ಪಿಯುಸಿಯ 5 ಅಂಕ ಸಿಇಟಿಯ 3 ಪ್ರಶ್ನೆಗೆ ಸಮ. ನಿಮ್ಮ ಮಗಳ 56 ಹೇಗೋ 76 ಆಯಿತು ಅನ್ನಿ. ಆ 20 ಅಂಕ ಅಂದರೆ ಸಿಇಟಿಯಲ್ಲಿ 12 ಪ್ರಶ್ನೆ ಜಾಸ್ತಿ ಸರಿ ಮಾಡಿದ ಹಾಗೆ. ಸಿಇಟಿ ಬರೆದ ಯಾವ ಹುಡುಗಿಯನ್ನಾದರೂ ಕೇಳಿ, 12 ಪ್ರಶ್ನೆ ಸುಮ್ನೆ ಬರುತ್ತವಾ ಅಂತ. ಹಾಗಾಗಿ 'ಬಿಡು' ಅನ್ನುವ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ನೀವು, ನಿಮ್ಮ ಭಾವ ಇಬ್ಬರಲ್ಲಿ ಯಾರ ಮಾತು ಸರಿ ಅನ್ನುವುದನ್ನು ನಾನು ಹೇಳಲಾರೆ, ಆ ಉತ್ತರ ಪತ್ರಿಕೆಯೇ ಹೇಳಬೇಕು.

ಪತ್ರಿಕಾ ಕೆಲಸಕ್ಕೆ ಬರುವ ಮುಂಚೆ ನಾನು ಎಂಟು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಬೇಸಿಗೆ ಬಂತೆಂದರೆ ವ್ಯಾಲ್ಯುಯೇಷನ್ ಡ್ಯೂಟಿ. ಉದ್ದನೆಯ ಹಾಲ್, ಕಿರ್ರೆನ್ನುವ ಫ್ಯಾನು, ಎದುರಿಗೆ ಬಂಡಲ್. ಒಂದು ಮಧ್ಯಾಹ್ನ ನಾನು ತಿದ್ದಿ ಕಳಿಸಿದ ಬಂಡಲ್‌ನಿಂದ ಒಂದು ಪೇಪರನ್ನು ನಮ್ಮ ಮೇಲ್ವಿಚಾರಕರಾಗಿದ್ದ ಡೆಪ್ಯುಟಿ ಚೀಫ್ ವಾಪಸ್ ತಂದರು. ಏನೂ ಮಾತಾಡಲಿಲ್ಲ. ಎರಡು ಹಾಳೆ ಬೆವರಿಗೋ ಏನೋ ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸಿ ತೋರಿಸಿದರು. ಒಳಗೆ ಒಂದು ಇಡೀ ಲೆಕ್ಕ. ಸೂತ್ರ, ಬೆಲೆ, ಉತ್ತರ, ಕೊನೆಗೆ ಏಕಮಾನ ಕೂಡ ಬರೆದು ಕೆಳಗೆ ಸ್ಕೇಲ್ ಹಿಡಿದು ಎರಡು ಗೆರೆ ಎಳೆದಿದ್ದ ಆ ಹುಡುಗ. 5 ಅಂಕ. ನಾನು ಎರಡೂ ಹಾಳೆ ಒಟ್ಟಿಗೆ ಮಗುಚಿ ಮುಂದೆ ಹೋಗಿಬಿಟ್ಟಿದ್ದೆ. ಆ ಗೆರೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ಹಾಗಾಗಿ ತಪ್ಪು ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ನಾನೇ ಮಾಡಿದ್ದೇನೆ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅಂಥ ಅಂಟಿದ ಹಾಳೆ ಎಂಟು ವರ್ಷಕ್ಕೆ ನನಗೆ ಸಿಕ್ಕಿದ್ದು ಅದೊಂದೇ. ಚಿತ್ರ ಬಿಟ್ಟ ಉತ್ತರ, ಸೂತ್ರ ಬಿಟ್ಟ ಲೆಕ್ಕ ಮಾತ್ರ ದಿನಾ ಸಿಗುತ್ತಿದ್ದವು, ಪ್ರತಿ ಬಂಡಲ್‌ನಲ್ಲೂ.

ಭೌತಶಾಸ್ತ್ರದ ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕೆಲವು ಸೂಚನೆ ಇರುತ್ತವೆ. ಅದನ್ನು ಓದುವ ಮಕ್ಕಳು ಕಡಿಮೆ, ಓದುವ ಅಪ್ಪ ಅಮ್ಮ ಇನ್ನೂ ಕಡಿಮೆ. ಎ ಭಾಗದ ಒಂದಂಕದ ಪ್ರಶ್ನೆಗಳಿಗೆ ಮೊದಲು ಬರೆದ ಉತ್ತರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂದರೆ ಮೊದಲು ತಪ್ಪು ಬರೆದು, ಆಮೇಲೆ ಹೊಳೆದು, ಹಿಂದಿನ ಪುಟದಲ್ಲಿ ಸರಿ ಉತ್ತರ ಬರೆದರೆ ಅದು ಇದ್ದೂ ಇಲ್ಲದ ಹಾಗೆ. ಚಿತ್ರ ಅಥವಾ ವಿದ್ಯುತ್ ಮಂಡಲ ಬೇಕಾದ ಕಡೆ ಅದು ಇಲ್ಲದಿದ್ದರೆ ಅಂಕ ಇಲ್ಲ. ಹಂತಗಳಿಲ್ಲದೆ ನೇರ ಉತ್ತರ ಬರೆದ ಲೆಕ್ಕಕ್ಕೂ ಅಂಕ ಇಲ್ಲ. ವೀಟ್‌ಸ್ಟೋನ್ ಬ್ರಿಡ್ಜ್ ಸಮತೋಲನದ ನಿಯಮವನ್ನು ಒಂದೂ ತಪ್ಪಿಲ್ಲದೆ ಸಾಧಿಸಿದ ಹುಡುಗಿ, ಮಂಡಲದ ಚಿತ್ರದಲ್ಲಿ ಗ್ಯಾಲ್ವನೋಮೀಟರ್ ಹಾಕಲು ಮರೆತಿರುತ್ತಾಳೆ. ಮನೆಗೆ ಬಂದು "ಚೆನ್ನಾಗಿ ಬರ್ದಿದೀನಿ" ಅನ್ನುತ್ತಾಳೆ. ಅವಳ ಮಟ್ಟಿಗೆ ಅದು ನಿಜವೇ.

ರೀವ್ಯಾಲ್ಯುಯೇಷನ್ ಅಂದರೆ ಇನ್ನೊಬ್ಬ ಉಪನ್ಯಾಸಕರು ಅದೇ ಸ್ಕೀಮ್, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಕೈಯಲ್ಲಿ ಹಿಡಿದು ಅದೇ ಉತ್ತರವನ್ನು ಮತ್ತೆ ಓದುವುದು. ಅವರಿಗೂ ಆ ಗ್ಯಾಲ್ವನೋಮೀಟರ್ ಕಾಣುವುದಿಲ್ಲ. 'ಹಾಕಿದರೆ ನಾಲ್ಕು ಮಾರ್ಕ್ಸ್ ಕೊಟ್ಟೇ ಕೊಡ್ತಾರೆ' ಎಂದು ಟ್ಯೂಷನ್ ಸೆಂಟರ್ ಮುಂದೆ ನಿಂತವರು ಹೇಳುವುದನ್ನು ನಂಬಿ 1670 ರೂಪಾಯಿ ಕಟ್ಟಬೇಡಿ. ಅದು ಒಂದು ವಿಷಯಕ್ಕೆ. ಆರೂ ವಿಷಯಕ್ಕೆ ಹಾಕಿದವರನ್ನು ನೋಡಿದ್ದೇನೆ, ಹತ್ತು ಸಾವಿರ ದಾಟುತ್ತದೆ. ಕೂಡುವುದರಲ್ಲಿ ತಪ್ಪಾಗಿದ್ದರೆ, ಅಥವಾ ಒಂದು ಉತ್ತರಕ್ಕೆ ಅಂಕ ಹಾಕುವುದೇ ಬಿಟ್ಟುಹೋಗಿದ್ದರೆ ಮರು ಎಣಿಕೆ ಸಾಕು. ಅದಕ್ಕೆ ಶುಲ್ಕವೂ ಇಲ್ಲ.

ಸ್ಕ್ಯಾನ್ ಕಾಪಿ ಇನ್ನೂ ಬಂದಿರಲಿಕ್ಕಿಲ್ಲ. ಬಂದ ಮೇಲೆ ಹೀಗೆ ಮಾಡಿ. ಅದನ್ನು ಪ್ರಿಂಟ್ ಹಾಕಿಸಿ. ಮೊಬೈಲ್‌ನಲ್ಲಿ ಹಿಗ್ಗಿಸಿ ನೋಡಿದರೆ ಅರ್ಧ ಕಾಣುವುದಿಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟ್‌ನಲ್ಲಿರುವ ಕೀ ಉತ್ತರವನ್ನೂ ಪ್ರಿಂಟ್ ಹಾಕಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಅವಳಿಗೆ ಪಾಠ ಮಾಡಿದ ಉಪನ್ಯಾಸಕರ ಹತ್ತಿರ ಒಂದು ಗಂಟೆ ಬಿಡುವು ಕೇಳಿ. ಟ್ಯೂಷನ್‌ನವರಿಗಿಂತ ಕಾಲೇಜಿನವರೇ ವಾಸಿ, ವ್ಯಾಲ್ಯುಯೇಷನ್‌ಗೆ ಹೋಗಿ ಬಂದವರಾದರೆ ಇನ್ನೂ ವಾಸಿ. ಮೊದಲು ಪುಟಗಳನ್ನು ಎಣಿಸಿ, ಎಲ್ಲ ಇವೆಯೇ ಎಂದು. ಅಂಚಿನಲ್ಲಿರುವ ಕೆಂಪು ಅಂಕಗಳನ್ನು ನೀವೇ ಕೂಡಿ. ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಪ್ರಶ್ನೆ. ಹೋದ ಅಂಕದ ಪಕ್ಕ ಎರಡರಲ್ಲಿ ಒಂದು ಗುರುತು ಹಾಕಿ: 'ಬರೆದಿದ್ದಾಳೆ, ಕೊಟ್ಟಿಲ್ಲ' ಅಥವಾ 'ಬರೆದಿಲ್ಲ'. 43 ಅಂಕ ಹೋಗಿದೆಯಲ್ಲ, ಅಷ್ಟಕ್ಕೂ ಲೆಕ್ಕ ಸಿಗಬೇಕು.

'ಬರೆದಿದ್ದಾಳೆ, ಕೊಟ್ಟಿಲ್ಲ' ಎಂಬ ಸಾಲಿನಲ್ಲಿ ಎಂಟು ಹತ್ತು ಅಂಕ ನಿಂತರೆ, ಉಪನ್ಯಾಸಕರೂ ಹೌದು ಅಂದರೆ, ರೀವ್ಯಾಲ್ಯುಯೇಷನ್‌ಗೆ ಹಾಕಿ, ಹಿಂದೆ ಮುಂದೆ ನೋಡಬೇಡಿ. ಒಂದೆರಡು ಅಂಕ, ಅದೂ ಜಗ್ಗಾಡಿ ತೆಗೆಯಬೇಕಾದದ್ದು, ಆದರೆ ಆ ದುಡ್ಡನ್ನು ಉಳಿಸಿಕೊಳ್ಳಿ. ಹಾಕುವ ಮುಂಚೆ ಈ ವರ್ಷದ ಸುತ್ತೋಲೆಯನ್ನು ಒಮ್ಮೆ ಪೂರ್ತಿ ಓದಿ. ಎಷ್ಟು ಅಂಕದ ವ್ಯತ್ಯಾಸ ಬಂದರೆ ಬದಲಾಗುತ್ತದೆ, ಕಡಿಮೆ ಬಂದರೆ ಏನು ಎನ್ನುವ ಸಾಲುಗಳು ಅದರಲ್ಲೇ ಇರುತ್ತವೆ. ಹೋದ ವರ್ಷ ಪಕ್ಕದ ಮನೆಯವರಿಗೆ ಹೀಗಾಯಿತು ಎಂಬ ಮಾತಿಗಿಂತ ಅದೇ ಮುಖ್ಯ.

ಇನ್ನು ಪರೀಕ್ಷೆ-2. ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಸಪ್ಲಿಮೆಂಟರಿ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಒಂಥರಾ ಕಮಟು ವಾಸನೆ ಇದೆ. ಫೇಲಾದವರು ಕಟ್ಟುವ ಪರೀಕ್ಷೆ ಅದು ಅಂತಲೇ ನಾವೆಲ್ಲ ಬೆಳೆದವರು. ಆದರೆ 2024ರಿಂದ ಆ ಹೆಸರೇ ಇಲ್ಲ. ಪರೀಕ್ಷೆ-1, 2, 3 ಅಷ್ಟೇ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಬೇಕಾದ ವಿಷಯ ಮಾತ್ರ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದು ಉಳಿಯುತ್ತದೆ. ಎರಡನೇ ಸಲ 50 ಬಂದರೆ ಅವಳ 56 ಎಲ್ಲೂ ಹೋಗುವುದಿಲ್ಲ. ನೆಂಟರ ಬಾಯಲ್ಲಿ ಅದು ಇನ್ನೂ ಹತ್ತು ವರ್ಷ ಸಪ್ಲಿಮೆಂಟರಿಯಾಗಿಯೇ ಇರುತ್ತದೆ, ಇರಲಿ ಬಿಡಿ. ಸೀಟು ಹಂಚುವುದು ನೆಂಟರಲ್ಲ.

ಅಂಕ ಕಳೆದುಕೊಳ್ಳುವ ಭಯ ಇಲ್ಲ ಅಂದ ಮಾತ್ರಕ್ಕೆ ಪರೀಕ್ಷೆ-2 ಪುಕ್ಕಟೆ ಅಲ್ಲ. ಈ ವರ್ಷದ, ಅಂದರೆ 2025ರ ಏಪ್ರಿಲ್‌ನ ತಾರೀಕುಗಳನ್ನೇ ನೋಡಿ. 8ಕ್ಕೆ ರಿಸಲ್ಟ್, 16 ಮತ್ತು 17ಕ್ಕೆ ಸಿಇಟಿ, 24ರಿಂದ ಪರೀಕ್ಷೆ-2. ಮೂರು ವಾರವೂ ಇಲ್ಲ. ಅತ್ತು ಮುಗಿಸುವುದಕ್ಕೇ ಒಂದು ವಾರ ಬೇಕಾಗುತ್ತದೆ, ಆ ವಯಸ್ಸಿಗೆ. ಸಿಇಟಿಗೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಓದು, ಇಲ್ಲಿ ಚಿತ್ರ ಬರೆದು ಸಾಧಿಸುವ ಓದು. ಪುಸ್ತಕ ಒಂದೇ ಆದರೂ ಕೈ ಬೇರೆ ಬೇರೆ ಪಳಗಬೇಕು. ಅದಕ್ಕೇ ಫೋನ್‌ನಲ್ಲಿ ಹೇಳಿದ್ದು, ಹೆಸರು ಕೊಟ್ಟಿಡಿ, ಆದರೆ ಸಿಇಟಿ ಮುಗಿಯುವವರೆಗೆ ಆ ಮಾತನ್ನೇ ಮನೆಯಲ್ಲಿ ಎತ್ತಬೇಡಿ ಎಂದು. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಸಿಇಟಿ ಮುಗಿದಿರುತ್ತದೆ. ಈಗ ಎತ್ತಬಹುದು.

ರೀವ್ಯಾಲ್ಯುಯೇಷನ್ ಫಲಿತಾಂಶ ನೋಡಿಕೊಂಡು ಆಮೇಲೆ ಪರೀಕ್ಷೆ ಯೋಚನೆ ಮಾಡೋಣ ಎಂದು ಕಾಯುವವರು ಬಹಳ. ಅದು ಮಾಡಬೇಡಿ. ಆ ದಾರಿ ಬೇರೆ, ಈ ದಾರಿ ಬೇರೆ. ಜೂನ್‌ನಲ್ಲಿ ಪರೀಕ್ಷೆ-3 ಇದೆಯಲ್ಲ ಅನ್ನಬಹುದು. ಇದೆ. ಆದರೆ ಇಂಜಿನಿಯರಿಂಗ್ ಸೀಟಿನ ಆಸೆ ಇರುವವರು ಅದನ್ನು ನೆಚ್ಚಿಕೊಂಡು ಕೂರುವುದು ಬೇಡ, ಕೊನೇ ಬಸ್ಸಿಗೆ ಕಾದ ಹಾಗೆ.

ಓದುವುದೇನು ಅಂತೀರಾ? ಇರುವ ಕೆಲವೇ ದಿನದಲ್ಲಿ ಹದಿನಾಲ್ಕು ಅಧ್ಯಾಯವನ್ನೂ ಮತ್ತೆ ಓದಿಸಲು ಹೋಗಬೇಡಿ. ಐದಂಕದ ಸಾಧನೆಗಳು (ಡಿರೈವೇಷನ್), ಅವುಗಳ ಚಿತ್ರ, ಲೆಕ್ಕಗಳು, ಇಷ್ಟೇ. ದಿನಕ್ಕೆ ಮೂರು ಗಂಟೆ ಕೂತು ಒಂದು ಹಳೆಯ ಪ್ರಶ್ನೆಪತ್ರಿಕೆ ಪೂರ್ತಿ ಬರೆಯಲಿ, ಅದನ್ನು ಆ ಉಪನ್ಯಾಸಕರೇ ಕೆಂಪು ಪೆನ್ನಿನಲ್ಲಿ ತಿದ್ದಲಿ. ಸ್ಕ್ಯಾನ್ ಕಾಪಿ ಅಷ್ಟರಲ್ಲಿ ಬಂದರೆ ಅದಕ್ಕಿಂತ ಒಳ್ಳೆ ಗೈಡ್ ಬೇರೆ ಇಲ್ಲ. ಎಲ್ಲಿ ಕೈ ತಪ್ಪಿತ್ತು ಅನ್ನುವುದು ಅವಳದೇ ಅಕ್ಷರದಲ್ಲಿ ಇರುತ್ತದೆ.

ಈಗ, ನೀವು ಪತ್ರದ ಕೊನೆಗೆ 'ಹೇಳೋದು ಮರೆತೆ' ಎಂದು ಸೇರಿಸಿದ ಸಾಲು. ಇಡೀ ಪತ್ರದಲ್ಲಿ ನಿಮ್ಮ ಮಾತಿದೆ, ಯಜಮಾನರದಿದೆ, ಭಾವನವರದಿದೆ. ಮಗಳದು ಅಂತ ಇರುವುದು ಅದೊಂದೇ, 'ಬೇಡವೇ ಬೇಡ'. ಅದನ್ನು ಕೇಳಿ ನಿಮಗೆ ಅನುಮಾನ ಬಂದಿದೆ ಎಂದು ಫೋನ್‌ನಲ್ಲಿ ನಿಮ್ಮ ದನಿಯಲ್ಲೇ ಗೊತ್ತಾಯಿತು. ಏನೂ ಬರೆದೇ ಇಲ್ವೇನೋ, ಸುಳ್ಳು ಹೇಳಿದಳೇನೋ ಅಂತ. ನನಗೆ ಹಾಗನ್ನಿಸುವುದಿಲ್ಲ. 29 ಪ್ರಾಕ್ಟಿಕಲ್ ತೆಗೆದ, ಮಿಕ್ಕ ವಿಷಯದಲ್ಲಿ 85 ದಾಟಿದ ಹುಡುಗಿ ಖಾಲಿ ಹಾಳೆ ಕೊಟ್ಟು ಬಂದಿರಲಾರಳು. ಅವಳಿಗೆ ಹೆದರಿಕೆ ಇರುವುದು ಹಾಳೆಯ ಬಗ್ಗೆ ಅಲ್ಲ, ಅದನ್ನು ಯಾರೆಲ್ಲ ನೋಡುತ್ತಾರೆ ಅನ್ನುವುದರ ಬಗ್ಗೆ ಇರಬೇಕು. ಪಿಡಿಎಫ್ ನಿಮ್ಮ ಮೊಬೈಲ್‌ಗೆ ಬಂದರೆ ಹತ್ತು ನಿಮಿಷದಲ್ಲಿ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತು. ನಿಮ್ಮ ಮನೆಯ ಕತೆ ನನಗೆ ಗೊತ್ತಿಲ್ಲ, ಆದರೆ ನಮ್ಮ ಮನೆಯಲ್ಲಿ ಹೋಗುತ್ತಿತ್ತು.

ಆದ್ದರಿಂದ ಒಂದು ಒಪ್ಪಂದ ಮಾಡಿಕೊಳ್ಳಿ. ಕಾಪಿ ಮೊದಲು ಅವಳ ಕೈಗೆ. ಅವಳೊಬ್ಬಳೇ ನೋಡಲಿ, ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಲಿ. ಉಪನ್ಯಾಸಕರ ಹತ್ತಿರ ಅವಳೇ ಹೋಗಲಿ, ನೀವು ಬೇಕಾದರೆ ಕಾಲೇಜಿನ ಗೇಟಿನವರೆಗೆ ಹೋಗಿ. ಬಂದು ಅವಳೇ ಹೇಳಲಿ, ಹಾಕಬೇಕೋ ಬೇಡವೋ. ಅವಳು ಬೇಡ ಅಂದರೆ ನಿಮ್ಮ 1670 ಉಳಿಯಿತು. ಹಾಕು ಅಂದರೆ ಕಟ್ಟಿ, ಬಂದರೂ ಬರದಿದ್ದರೂ ಆ ದುಡ್ಡಿನ ಮಾತು ಮತ್ತೆ ತೆಗೆಯಬೇಡಿ.

ಭಾವನವರು ತಮ್ಮ ಕಾಲದ ಮೇಷ್ಟ್ರು, ಕಾಪಿ ಬಂದ ದಿನ ಕನ್ನಡಕ ಹಾಕಿಕೊಂಡು ಬಂದೇ ಬರುತ್ತಾರೆ. ಯಜಮಾನರಿಗೆ ಹೇಳಿ, ಅವತ್ತು ಸಾಯಂಕಾಲ ಅವರನ್ನು ಎಲ್ಲಾದರೂ ಕಾಫಿಗೆ ಕರೆದುಕೊಂಡು ಹೋಗಲಿ. ಎರಡು ಗಂಟೆಯಾದರೂ ಹಿಡಿಯುವ ಹಾಗೆ.