ಡ್ರಾಗನೈಟ್ ಒಂದೇ ಐಸ್ ಬೀಮ್‌ಗೆ ಬೀಳುತ್ತಿದ್ದರೆ

ಪೋಕೆಮಾನ್ ಸ್ಕಾರ್ಲೆಟ್ ಆಟದಲ್ಲಿ ನಿಮ್ಮ ಡ್ರಾಗನೈಟ್ ಅನ್ನೋ ಪೋಕೆಮಾನ್ ಒಂದೇ ಐಸ್ ಬೀಮ್‌ಗೆ (ಐಸ್ ಟೈಪ್ ಏಟು) ಬೀಳಲು ಕಾರಣ ಬಹುಶಃ ಅದರ ಎಬಿಲಿಟಿ, ಅಂದರೆ ಅದರ ವಿಶೇಷ ಗುಣ. ಐಸ್ ಏಟು ಅದಕ್ಕೆ ಮೊದಲ ತಲೆಮಾರಿನ ಆಟಗಳಿಂದಲೂ ನಾಲ್ಕು ಪಟ್ಟು. ಐದನೇ ತಲೆಮಾರಿನಲ್ಲಿ ಮಲ್ಟಿಸ್ಕೇಲ್ ಅನ್ನೋ ಎಬಿಲಿಟಿ ಬಂದ ಮೇಲೆಯೇ ಅದು ನಿಜವಾಗಿ ಗಟ್ಟಿಯಾಯಿತು: ಎಚ್‌ಪಿ (ಪ್ರಾಣಶಕ್ತಿ) ಪೂರ್ತಿ ಇದ್ದರೆ ಏಟು ಅರ್ಧ.

ಮೊದಲು ಡ್ರಾಗನೈಟ್‌ನ ಸಮ್ಮರಿ (ವಿವರದ ಪುಟ) ತೆಗೆದು ಎಬಿಲಿಟಿ ನೋಡಿ. ಇನ್ನರ್ ಫೋಕಸ್ ಅಂತ ಇದ್ದರೆ ಎಬಿಲಿಟಿ ಪ್ಯಾಚ್ ಅನ್ನೋ ಐಟಂ ಕೊಡಿ, ಮಲ್ಟಿಸ್ಕೇಲ್ ಆಗುತ್ತೆ. ಎಬಿಲಿಟಿ ಕ್ಯಾಪ್ಸೂಲ್ ಸುಮ್ನೆ ದಂಡ, ಅದರಿಂದ ಆಗಲ್ಲ. ಆಮೇಲೆ ಹೆವಿ ಡ್ಯೂಟಿ ಬೂಟ್ಸ್ ಅನ್ನೋ ಐಟಂ ಹಾಕಿ. ಇಲ್ಲದಿದ್ದರೆ ಸ್ಟೆಲ್ತ್ ರಾಕ್ (ಎದುರಾಳಿ ಹರಡಿಟ್ಟ ಕಲ್ಲಿನ ಬಲೆ) ಇರುವ ಕಡೆ ಒಳಗೆ ಕಾಲಿಟ್ಟ ಕೂಡಲೇ ಕಾಲು ಭಾಗ ಎಚ್‌ಪಿ ಹೋಗುತ್ತೆ, ಮಲ್ಟಿಸ್ಕೇಲ್ ಇದ್ದೂ ಇಲ್ಲದಂತೆ.

ಕೊನೆಗೆ ಟೆರಾ ಟೈಪ್, ಅಂದರೆ ಕಾಳಗದಲ್ಲಿ ಟೆರಾ ಆದಾಗ ಅದು ತಾಳುವ ಟೈಪ್. 50 ನಾರ್ಮಲ್ ಟೆರಾ ಶಾರ್ಡ್ ಕೂಡಿಸಿ, ಆಟದೊಳಗಿನ ಮೆಡಾಲಿ ಊರಿನ ಹೋಟೆಲ್‌ನಲ್ಲಿ ಅದನ್ನು ನಾರ್ಮಲ್‌ಗೆ ಬದಲಾಯಿಸಿ. ಟೆರಾ ಆದ ಮೇಲೆ ಐಸ್ ಮಾಮೂಲಿ ಏಟು ಅಷ್ಟೇ, ಅದರ ನಾರ್ಮಲ್ ಟೈಪ್ ಏಟು ಎಕ್ಸ್‌ಟ್ರೀಮ್ ಸ್ಪೀಡ್ ಕೂಡ ಜಾಸ್ತಿ ಜೋರಾಗಿ ಬೀಳುತ್ತೆ. ನನ್ನ ಪ್ರಕಾರ ಈಗ ಇದೇ ಅದರ ಅತಿ ಒಳ್ಳೆಯ ರೂಪ.

ಮಲ್ಟಿಸ್ಕೇಲ್ ಈಗಾಗಲೇ ಇದ್ದರೆ, ಎದುರಾಳಿಯದು ಮೋಲ್ಡ್ ಬ್ರೇಕರ್ ಇರಬಹುದು, ಅದು ಮಲ್ಟಿಸ್ಕೇಲನ್ನು ಲೆಕ್ಕಿಸದ ಎಬಿಲಿಟಿ. ಅದನ್ನೊಮ್ಮೆ ನೋಡಿಕೊಳ್ಳಿ.