ಕಾರ್ಡಿನ ಚೆಂಡುಹೂವು ಪೋಣಿಸಲು ಬರುವುದಿಲ್ಲ

‘ಮಗನಿಗೆ ನಾಲ್ಕೂವರೆ ವರ್ಷ, ಮಾತು ತಡ. ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗಕ್ಕೆ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತೇವೆ. ಹಬ್ಬದ ಪದಗಳ 40 ಫ್ಲ್ಯಾಶ್‌ಕಾರ್ಡ್ ತರಿಸಿದ್ದೇವೆ. ಕಾರ್ಡ್ ಹಿಡಿದರೆ ಹೆಸರು ಹೇಳುತ್ತಾನೆ, ಹಬ್ಬದ ದಿನ ಬಾಯಿ ಬಿಡುವುದಿಲ್ಲ. ದೀಪಾವಳಿಗೆ ಇನ್ನೊಂದು ಸೆಟ್ ತರಿಸಲೇ?’
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಬೇಡ ತಾಯಿ. ಕಾರ್ಡಿನಿಂದ ಉಪಯೋಗವಿಲ್ಲವೆಂದಲ್ಲ. ಚೀಲದಲ್ಲಿ ಹಿಡಿಸುತ್ತದೆ, ಒಂಟೆ, ಹಡಗು ತೋರಿಸಬಹುದು. (ಆನೆಗೆ ಅದೂ ಬೇಡ, ನೀವು ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ ಇದೆ.) ಆದರೆ ಕಾರ್ಡಿನ ಹಣತೆಗೆ ‘ದೀಪ’ ಎಂದ ಮಗು ಕಲಿತದ್ದು ಆ ಕಾರ್ಡಿನ ಹೆಸರನ್ನು. ತುಳಸಿಕಟ್ಟೆಯಲ್ಲಿ ಅಜ್ಜಿ ಹಚ್ಚಿಟ್ಟದ್ದೂ ದೀಪವೇ ಎಂದು ಅದಕ್ಕಿನ್ನೂ ಹೊಳೆದಿರುವುದಿಲ್ಲ.

ಕಾರ್ಡಿನ ಇನ್ನೊಂದು ಬಡತನ, ಅದರಲ್ಲಿ ಬರೀ ನಾಮಪದ. ವಾಕ್ಯ ಕಟ್ಟುವುದು ಕ್ರಿಯಾಪದ. ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಮನೆಯಲ್ಲಿ ಅದಕ್ಕೇನು ಕಡಿಮೆ? ನೀರು ತುಂಬು, ಎಣ್ಣೆ ಎರೆ, ಮೈ ಉಜ್ಜು, ಸರ ಪೋಣಿಸು.

ಗೋಪೂಜೆಯ ಸರವನ್ನೇ ಆಟ ಮಾಡಿ. ಆರು ಪದ ಸಾಕು: ಸರ, ಚೆಂಡುಹೂವು, ಗಂಟು, ಪೋಣಿಸು, ಕಟ್ಟು, ಬಿತ್ತು. ಇಪ್ಪತ್ತು ಹೂವಿಗೆ ನೀವೇ ಮೊದಲು ತೂತು ಮಾಡಿಡಿ. ದಾರದ ತುದಿಗೆ ಮೇಣ ಹಚ್ಚಿ ಗಟ್ಟಿ ಮಾಡಿದರೆ ಸೂಜಿ ಬೇಡ. ಸರಕ್ಕೆ ಪೋಣಿಸುವ ಒಣ ಅಡಿಕೆ ಮಾತ್ರ ದೂರವಿಡಿ, ಬಾಯಿಗೆ ಹೋದರೆ ಗಂಟಲಿಗೆ ಸಿಕ್ಕೀತು. ಹೂವಿನ ಬುಟ್ಟಿ ನಿಮ್ಮ ಮಡಿಲಲ್ಲಿರಲಿ, ಒಂದೊಂದೇ ಕೊಡಿ.

ದಾರದ ಕೆಳತುದಿಗೆ ಬೇಕೆಂದೇ ಗಂಟು ಹಾಕದೆ ಬಿಡಿ. ಮೊದಲ ಹೂವು ಪೋಣಿಸಿ ದಾರ ಎತ್ತಿದ ಕೂಡಲೇ ಸುಯ್ಯನೆ ಜಾರಿ ನೆಲಕ್ಕೆ. ಹುಡುಗ ನಿಮ್ಮ ಮುಖ ನೋಡುತ್ತಾನೆ. ಆಗ ಸುಮ್ಮನಿರಿ! ಮನಸ್ಸಿನಲ್ಲೇ ಹತ್ತು ಎಣಿಸಿ. ಮಾತು ಬಾರದಿದ್ದರೆ ‘ಬಿ...’ ಎಂದು ನಿಲ್ಲಿಸಿ. ಆಗಲೂ ಬಾರದಿದ್ದರೆ ‘ಬಿತ್ತು! ಗಂಟು ಹಾಕೋಣ’ ಎಂದು ನೀವೇ ಹೇಳಿ ಮುಂದುವರಿಯಿರಿ. ಹೇಳು ಹೇಳು ಎಂದು ಪೀಡಿಸಬೇಡಿ. ‘ತೆಂಡು’ ಎಂದರೆ ‘ಹೌದು, ಚೆಂಡುಹೂವು’ ಎಂದರಾಯಿತು. ಉಚ್ಚಾರ ತಿದ್ದುವುದು ಬೇರೆ ದಿನದ ಕೆಲಸ.

ಆಟ ಕೆಡಿಸುವವರು ಸಾಮಾನ್ಯವಾಗಿ ಮನೆಯ ದೊಡ್ಡವರೇ. ‘ಇದೇನು? ಅದೇನು?’ ಎಂದು ಪರೀಕ್ಷೆ ಹಿಡಿಯುವವರು ಒಬ್ಬರು, ಹತ್ತು ಎಣಿಸುವ ಮೊದಲೇ ಉತ್ತರ ಹೇಳಿಬಿಡುವ ಅಜ್ಜಿ ಇನ್ನೊಬ್ಬರು. ಹದಿನೈದು ನಿಮಿಷವಾದ ಮೇಲೆ ಎಳೆಯಬೇಡಿ. ಮರುದಿನ ಅದೇ ಆರು ಪದ, ಬೇರೆ ಕೆಲಸದಲ್ಲಿ: ಬಾಗಿಲಿಗೆ ತೋರಣ ಕಟ್ಟುವಾಗ. ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರು ಬಂದರೆ ಹುಡುಗನನ್ನು ಮಲಗಿಸಬೇಡಿ. ಅವರು ಮತ್ತೆ ಮತ್ತೆ ಹಾಡುವ ಸಾಲನ್ನು ಮರುದಿನ ನೀವು ಹೇಳಿ, ಕೊನೆಯ ಪದ ಅವನಿಗೆ ಬಿಡಿ. ಹಬ್ಬದ ನಾಲ್ಕು ಫೋಟೊ ಇಟ್ಟುಕೊಂಡರೆ ತಿಂಗಳ ನಂತರ ‘ಏನೇನು ಮಾಡಿದೆವು?’ ಎಂದು ಭೂತಕಾಲಕ್ಕೂ ಇಳಿಯಬಹುದು.

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಕಾರ್ಡ್ ಮಾರುವವರ ಮೇಲೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ನಾಡಿನ ಅಂಗಡಿಗಳಲ್ಲಿ ಹಬ್ಬವೆಂದರೆ ಹಿಮದ ಗೊಂಬೆ, ಕುಂಬಳದ ಮುಖವಾಡ! ಜಡಿಮಳೆ, ಸೋನೆಮಳೆ ಕೇಳುತ್ತ ಬೆಳೆಯುವ ಆಗುಂಬೆಯ ಮಗುವಿಗೂ ಮಳೆಯೆಂದರೆ ಕೊಡೆ ಹಿಡಿದ ಕಪ್ಪೆಯ ಚಿತ್ರ. ಸೀರೆ ಉಡುತ್ತಿದ್ದೆವು, ಹೂವು ಮುಡಿಯುತ್ತಿದ್ದೆವು, ಬಳೆ ತೊಡುತ್ತಿದ್ದೆವು. ಈಗ ಎಲ್ಲಕ್ಕೂ ‘ಹಾಕು’. ಮನೆಯ ದೊಡ್ಡವರ ಬಾಯಲ್ಲೇ ಇಲ್ಲದ ಪದ ಮಗುವಿಗೆ ಎಲ್ಲಿಂದ ಬರಬೇಕು? ಮೇಲಿಂದ, ಮಾತು ತಡವಾದ ಮಗುವಿನ ಜೊತೆ ಮನೆಮಾತು ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎನ್ನುವ ಪುಕ್ಕಟೆ ಸಲಹೆ. ಬಾಯಾರಿದಾಗ ‘ಆಸರಿಗೆ’ ಎನ್ನುವ ಹವ್ಯಕರ ಮಗುವಿಗೆ ಮೊದಲು ನೀರು ಕೊಡಿ, ‘ವಾಟರ್’ ಆಮೇಲೆ ನೋಡೋಣ.

ಥೆರಪಿ ತಪ್ಪಿಸಬೇಡಿ. ಮುಂದಿನ ಸಲ ಹೋಗುವಾಗ ಅರ್ಧ ಕಟ್ಟಿದ ಸರವನ್ನೂ ಚೀಲದಲ್ಲಿ ಒಯ್ಯಿರಿ, ಆ ಆರು ಪದಗಳಲ್ಲಿ ಯಾವುದನ್ನು ಅವನಾಗಿಯೇ ಹೇಳಿದ, ಯಾವುದಕ್ಕೆ ಸುಳುಹು ಬೇಕಾಯಿತು ಎಂದು ಚೀಟಿಯಲ್ಲಿ ಬರೆದುಕೊಂಡು.