ಹಳೇ ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಫಿಯೆಟ್ ಸಿಕ್ಕಿದೆ, ಸ್ಟಾರ್ಟ್ ಮಾಡಬಹುದಾ?

ಸದ್ಯಕ್ಕೆ ಬ್ಯಾಟರಿ ತರಬೇಡಿ. ಸಾಗರದ ಹತ್ತಿರ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಸುಮಾರು 30 ವರ್ಷದಿಂದ ನಿಂತ ಫಿಯೆಟ್ ಸಿಕ್ಕಿದೆ, ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದಾ, ಮಾರಿದರೆ ಒಳ್ಳೆ ಬೆಲೆ ಬರುತ್ತಾ ಅಂತ ಕೇಳಿದ್ದೀರಿ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಇದೇ ಥರ ಒಂದು ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಂದವನು. ತರುವಾಗ ಒಂದಿಷ್ಟು ಹಾಳು ಮಾಡಿದವನೂ ಹೌದು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ನನ್ನ ಅಮ್ಮನ ತವರುಮನೆ. ಅಲ್ಲಿ ದನ ಕಟ್ಟುವುದು ನಿಂತು ಎಷ್ಟೋ ವರ್ಷ ಆಗಿತ್ತು. ಹಳೇ ಕೊಟ್ಟಿಗೆಯ ಮಾಡು ಇಳಿಸಿಬಿಡೋಣ ಅಂತ ಮಾತಾಯಿತು. ಒಳಗೆ ದರಗು, ಅಡಿಕೆ ಹಾಳೆ, ಮುರಿದ ಏಣಿ, ಕೆಟ್ಟುಹೋದ ಸ್ಪ್ರೇಯರ್. ಸೋಗೆ ರಾಶಿ ಎಳೆಯುತ್ತಾ ಹೋದ ಹಾಗೆ ಒಂದು ದುಂಡನೆಯ ಹೆಡ್‌ಲೈಟ್ ಕಂಡಿತು. ನಾನು ಕುಣಿದಾಡಿಬಿಟ್ಟೆ. ಅತ್ತೆ ಇಣುಕಿ ನೋಡಿ, ‘ಓ, ಅದು ಇಲ್ಲೇ ಇತ್ತನಾ’ ಅಂದು ಕಾಫಿಗೆ ಇಡಲು ಒಳಗೆ ಹೋದರು.

ಆಮೇಲೆ ಗೊತ್ತಾಯಿತು, ಆ ಕಾರನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಅದರ ಮಾತು ಎತ್ತುತ್ತಿರಲಿಲ್ಲ ಅಷ್ಟೆ. ಅಜ್ಜಯ್ಯ ಹೋದ ಮೇಲೆ ಹಿಸ್ಸೆ ಆದಾಗ ತೋಟ, ಗದ್ದೆ, ಪಾತ್ರೆ, ಹಂಡೆ ಎಲ್ಲ ಪಾಲುಪತ್ರದಲ್ಲಿ ಬರೆದರು. ಕಾರು ಬರೆಯಲಿಲ್ಲ. ದೊಡ್ಡಮಾವ ಬಿಟ್ಟುಕೊಡಲಿಲ್ಲ, ಚಿಕ್ಕಮಾವ ತಗೊಳ್ಳಲಿಲ್ಲ. ಇಬ್ಬರ ಜಾಗದ ನಡುವೆ ಇದ್ದ ಕೊಟ್ಟಿಗೆಯಲ್ಲಿ ಅದು ಹಾಗೇ ಕೂತಿತು. ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವೂ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಯಾಕೆ ನಿಲ್ಲಿಸಿದರು, ಓಡುತ್ತಿದ್ದಾಗ ನಿಲ್ಲಿಸಿದರಾ, ಕೆಟ್ಟ ಮೇಲೆ ನಿಲ್ಲಿಸಿದರಾ, ಈಗ ಅದು ಯಾರದು? ಯಾವ ಮೆಕ್ಯಾನಿಕ್ಕೂ ಹೇಳಲಾರದ ವಿಷಯ ಅಲ್ಲಿ ಸಿಗುತ್ತದೆ.

ಇನ್ನು ಒಳಗೆ ಹೋಗುವ ಮುಂಚೆ ಒಂದು ಮಾತು. ಉದ್ದ ಕೋಲು, ಬೂಟು, ಕೈಗವಸು, ಮೂಗಿಗೆ ಬಟ್ಟೆ. ನಮ್ಮ ಕಾರಿನ ಹಿಂದಿನ ಸೀಟಿನ ತೆಂಗಿನ ನಾರನ್ನು ಇಲಿಗಳು ಬಗೆದು ಗೂಡು ಮಾಡಿದ್ದವು. ಇಲಿ ಇದ್ದ ಕಡೆ ಹಾವು ಇಲ್ಲದೆ ಇರುತ್ತಾ? ಡ್ಯಾಶ್‌ಬೋರ್ಡಿನ ಕೆಳಗೆ ಮಾರುದ್ದದ ಪೊರೆ ಸಿಕ್ಕಿತು, ಬಿಟ್ಟವನು ಪುಣ್ಯಕ್ಕೆ ಸಿಗಲಿಲ್ಲ. ಇಲಿ ಜ್ವರ ಬರುವುದು ಇಲಿಯ ಉಚ್ಚೆಯಿಂದ, ಗಾಯ ಇರುವ ಕೈ ಹಾಕಬೇಡಿ. ಒಣ ದರಗು ತುಂಬಿದ ಜಾಗವಾದರೆ ಉಣುಗಿನ ಬಗ್ಗೆಯೂ ಎಚ್ಚರ ಇರಲಿ. ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ನಿಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಏನು ಮಾಡಿತು ಅಂತ ಸಾಗರದವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಯಾವ ಫಿಯೆಟ್ ಅಂತ ನೀವು ಬರೆದಿಲ್ಲ. ನಮ್ಮದು 1967ರ 1100 ಡಿಲೈಟ್. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಿಂದ ಮಾಡಿದ ಮಾದರಿ. ಇದೇ ಕಾರು ಸ್ವಲ್ಪ ಕಾಲ ಪ್ರೆಸಿಡೆಂಟ್ ಅನ್ನಿಸಿಕೊಂಡು, 1974ರಲ್ಲಿ ಪದ್ಮಿನಿ ಆಯಿತು. ಇಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್. ಗೇರು ಸ್ಟೀರಿಂಗಿನ ಪಕ್ಕದಲ್ಲೇ. ಮುಂದಿನ ಬಾಗಿಲು ಉಲ್ಟಾ ತೆರೆದುಕೊಂಡರೆ, ಅಂದರೆ ಹಿಡಿಕೆ ಮುಂದೆ, ಕೀಲು ಹಿಂದೆ ಇದ್ದರೆ, ನಿಮ್ಮದು ಡಿಲೈಟ್‌ಗಿಂತ ಹಳೆಯದು. ಅದು ಅಪರೂಪ, ಇನ್ನೂ ಹುಷಾರಾಗಿ ಮುಟ್ಟಬೇಕು.

ಈಗ ನಮ್ಮ ಘನಕಾರ್ಯ ಕೇಳಿ. ಸಿಕ್ಕಿದ ಮಾರನೇ ದಿನವೇ ಪಕ್ಕದ ಮನೆಯವರ ಟ್ರ್ಯಾಕ್ಟರ್ ತರಿಸಿ, ಮುಂದಿನ ಬಂಪರ್‌ಗೆ ಹಗ್ಗ ಕಟ್ಟಿ ಎಳೆಸಿದೆ. ಕಾರು ಬರಲಿಲ್ಲ, ಬಂಪರ್ ಬಂತು. ಅಜ್ಜಯ್ಯ ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರು. ಅಷ್ಟು ಮಳೆಗಾಲ ಕಳೆಯುವಷ್ಟರಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡು ಹಿಂದಿನ ಎರಡೂ ಚಕ್ರ ಕಲ್ಲಿನ ಹಾಗೆ ನಿಂತಿದ್ದವು. ಆಮೇಲೆ ಬಂದ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಚಕ್ರ ಎತ್ತಿ, ಡ್ರಮ್ಮಿನ ಅಂಚಿಗೆ ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ತಟ್ಟುತ್ತಾ ಅರ್ಧ ದಿನದಲ್ಲಿ ಬಿಡಿಸಿದರು. ನನ್ನನ್ನು ಬೈಯಲೂ ಇಲ್ಲ. ಬಂಪರ್ ನೋಡಿ ನಕ್ಕರು, ಅದು ಬೈದಿದ್ದಕ್ಕಿಂತ ಜಾಸ್ತಿ ಆಯಿತು.

ಜಾಕ್ ಹಾಕುವಾಗಲೂ ನಿಧಾನ. ಕೊಟ್ಟಿಗೆಯ ನೆಲ ಮಣ್ಣು, ಜಾಕ್ ಒಳಗೆ ಹೂತುಹೋಗುತ್ತದೆ. ಕೆಳಗೆ ಹಾಸುಗಲ್ಲೋ ದಪ್ಪ ಹಲಗೆಯೋ ಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ಫಿಯೆಟ್‌ಗೆ ಜೀಪಿನ ಥರ ಬೇರೆ ಚಾಸಿ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಇಲ್ಲ. ತಗಡಿನ ಬಾಡಿಯೇ ಅದರ ಬೆನ್ನುಮೂಳೆ. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ತುಕ್ಕು ತಿಂದು ಲಡ್ಡಾಗಿದ್ದರೆ ಜಾಕ್ ಹಾಕಿದ ಕೂಡಲೇ ಕಾರು ನಡುವಿನಲ್ಲಿ ಬಾಗುತ್ತದೆ. ಎತ್ತುವ ಮುಂಚೆ ಬಾಗಿಲು ಸಲೀಸಾಗಿ ಹಾಕಿ ತೆಗೆಯಲು ಬರುತ್ತಿತ್ತು, ಎತ್ತಿದ ಮೇಲೆ ಕಚ್ಚುತ್ತಿದೆ ಅಂದರೆ ತಕ್ಷಣ ಇಳಿಸಿ. ಒಂದು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಅಲ್ಲಲ್ಲಿ ಒತ್ತಿ ನೋಡಿದರೆ ಪರಿಸ್ಥಿತಿ ಗೊತ್ತಾಗುತ್ತದೆ. ಟಣ್ ಅಂದರೆ ಸರಿ. ಬಿಸ್ಕತ್ತಿನ ಹಾಗೆ ಪುಡಿಯಾದರೆ ನಿಮ್ಮ ದುಡ್ಡು ಹೋಗುವುದು ಅಲ್ಲೇ. ಎಲ್ಲರೂ ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ. ನಮ್ಮ ಬಾಡಿ ಕೆಲಸಕ್ಕೆ ಆದ ಖರ್ಚಿನಲ್ಲಿ ಇಂಜಿನ್ ಕೆಲಸ ಮೂರು ಸಲ ಮಾಡಿಸಬಹುದಿತ್ತು.

ಮಲೆನಾಡಿನ ಕೊಟ್ಟಿಗೆ ಕಾರಿಗೆ ಒಳ್ಳೆಯ ಜಾಗ ಅಲ್ಲವೇ ಅಲ್ಲ. ಮಾಡು ಸೋರದಿದ್ದರೂ ನೆಲದಿಂದ ತೇವ ಏಳುತ್ತಲೇ ಇರುತ್ತದೆ. ದನದ ಗಂಜಲ ಇಳಿದ ಮಣ್ಣು, ಪಕ್ಕದಲ್ಲಿ ಪೇರಿಸಿಟ್ಟ ಗೊಬ್ಬರದ ಚೀಲ, ಎರಡೂ ತಗಡಿಗೆ ವೈರಿ. ಆದರೆ ನಮ್ಮ ಕಾರನ್ನು ತಿಂದಿದ್ದು ಅದ್ಯಾವುದೂ ಅಲ್ಲ.

ಡಿಕ್ಕಿ ತೆರೆಯಲು ಎರಡು ದಿನ ಬೇಕಾಯಿತು. ತೆರೆದರೆ ಒಳಗೆ ನೀಲಿ! ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತದ ಚೀಲವನ್ನು ಯಾರೋ ಇಲಿ, ಮಳೆ ಮುಟ್ಟದ ಜಾಗ ಅಂತ ಡಿಕ್ಕಿಯಲ್ಲಿ ಇಟ್ಟಿದ್ದರು. ಚೀಲ ಒಡೆದು, ಆಗುಂಬೆ ಕಡೆಯ ಮಳೆಗಾಲದ ತೇವಕ್ಕೆ ಕರಗಿ, ತಳಕ್ಕೆ ಇಳಿದಿತ್ತು. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಕತ್ತಿಯನ್ನು ಅದ್ದಿ ನೋಡುತ್ತೇವಲ್ಲ, ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ? ಆ ಕೆಂಪು ಅಂದರೆ ತಾಮ್ರ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಕತ್ತಿ ಅದ್ದುವುದು ಒಂದು ನಿಮಿಷ. ಈ ಡಿಕ್ಕಿ ವರ್ಷಗಟ್ಟಲೆ ಅದ್ದಿಕೊಂಡಿತ್ತು. ತಳದ ಅರ್ಧ ಇರಲೇ ಇಲ್ಲ. ಉಳಿದ ಅಂಚಿನಲ್ಲಿ ಕೆಂಪು ಹೊಳಪು. ಸುಣ್ಣವನ್ನೂ ಅಲ್ಲೇ ಇಟ್ಟಿದ್ದರೆ ಕಾರು ಉಳಿಯುತ್ತಿತ್ತೇನೋ ಅಂತ ಅತ್ತೆ ತಮಾಷೆ ಮಾಡಿದರು. ಯಾರು ಇಟ್ಟಿದ್ದು ಅಂತ ಕೇಳಿದರೆ ದೊಡ್ಡಮಾವ ‘ತಮ್ಮನ್ನ ಕೇಳು’ ಅಂದರು. ಚಿಕ್ಕಮಾವ ‘ಅಣ್ಣ ಎಂತ ಅಂದ?’ ಅಂತ ನನ್ನನ್ನೇ ಕೇಳಿದರು.

ಹಾಗಾಗಿ ನೀವು ಬಾನೆಟ್‌ಗಿಂತ ಮೊದಲು ಡಿಕ್ಕಿ ನೋಡಿ. ತೋಟದ ಮನೆಯಲ್ಲಿ ನಿಂತ ಕಾರು ಕೆಲವೇ ದಿನದಲ್ಲಿ ಉಗ್ರಾಣ ಆಗಿರುತ್ತದೆ.

ಇಂಜಿನ್ ವಿಷಯ ಅಷ್ಟು ಕಷ್ಟ ಇಲ್ಲ, ತಾಳ್ಮೆ ಬೇಕು. ಬ್ಯಾಟರಿ ಹಾಕಿ ಕೀ ತಿರುಗಿಸಿದರೆ ಒಂದೋ ಇಲಿ ಕಡಿದ ವೈರ್ ಶಾರ್ಟ್ ಆಗಿ ಹೊಗೆ ಬರುತ್ತದೆ, ಇಲ್ಲ ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚ ಡೀಸೆಲ್ ಬೆರೆಸಿದ ಇಂಜಿನ್ ಆಯಿಲ್ ಬಿಟ್ಟು ಸುಮ್ನೆ ಇರಿ. ನಾವು ಹತ್ತು ದಿನ ಬಿಟ್ಟೆವು. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಮತ್ತೆ ಎಣ್ಣೆ ಬಿಡಿ, ಮತ್ತೆ ಕಾಯಿರಿ. ಜೋರು ಮಾಡಬೇಡಿ. ಪೂರ್ತಿ ಒಂದು ಸುತ್ತು ಬಂದ ದಿನ ನಾನು ತೀರ್ಥಹಳ್ಳಿಗೆ ಹೋಗಿ ಎಲ್ಲರಿಗೂ ಜಿಲೇಬಿ ತಂದಿದ್ದೆ.

ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಅಂಟಂಟಾಗಿ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಅದು ಕಾರ್ಬ್ಯುರೇಟರ್‌ಗೆ ಹೋದರೆ ಎಲ್ಲ ತೂತೂ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಬಿಚ್ಚಿ ತೊಳೆಸಿ. ಖಾಲಿ ಟ್ಯಾಂಕ್ ಅಂತ ಅದರ ಹತ್ತಿರ ಬೆಂಕಿ, ವೆಲ್ಡಿಂಗ್ ತರಬೇಡಿ, ಒಳಗಿನ ಆವಿ ಸಾಕು ಸಿಡಿಯಲು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಹಳೇ ಕೈಗಳು ಒಂದು ಬಾಟಲಿಯಲ್ಲಿ ಹೊಸ ಪೆಟ್ರೋಲ್ ತುಂಬಿ, ಡ್ರಿಪ್ ಏರಿಸಿದ ಹಾಗೆ ಮೇಲೆ ನೇತುಹಾಕಿ ನೇರ ಕಾರ್ಬ್ಯುರೇಟರ್‌ಗೆ ಕೊಡುತ್ತಾರೆ. ಎಣ್ಣೆ, ರೇಡಿಯೇಟರ್ ನೀರು, ಫ್ಯಾನ್ ಬೆಲ್ಟ್ ಎಲ್ಲ ಬದಲಾಗಬೇಕು ಅಂತ ಬೇರೆ ಹೇಳುವುದಿಲ್ಲ. ಪೆಟ್ರೋಲ್ ಪೈಪುಗಳನ್ನು ಮಾತ್ರ ಮರೆಯಬೇಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತದ್ದು, ಆ ಕಾಲದ ರಬ್ಬರ್ ಅದಕ್ಕೆ ತಾಳುವುದಿಲ್ಲ. ಮತ್ತೆ, ಇಂಜಿನ್ ಓಡಿತು ಅಂತ ಬ್ರೇಕ್ ಸರಿಮಾಡದೆ ಗೇರು ಹಾಕಬೇಡಿ. ಮಲೆನಾಡಿನಲ್ಲಿ ಮನೆಯ ಅಂಗಳವೇ ಇಳಿಜಾರು.

ಬಿಡಿಭಾಗದ ಚಿಂತೆ ಅಷ್ಟಾಗಿ ಬೇಡ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ನಿಂತಿದ್ದು 2023ರ ಅಕ್ಟೋಬರಿನಲ್ಲಿ. ಇಂಜಿನ್, ಬ್ರೇಕ್ ಸಾಮಾನು ಅಲ್ಲಿ ಇನ್ನೂ ಹುಡುಕಿದರೆ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಮಗೂ ಕೆಲವು ಸಿಕ್ಕವು. ಸಿಗದೇ ಇರುವುದು ಆ ಕಾಲದ ಕ್ರೋಮ್ ಪಟ್ಟಿ, ಹೆಸರಿನ ಅಕ್ಷರ, ಗಾಜಿನ ರಬ್ಬರ್ ಇಂಥವು. ನಾವು ಬಾಡಿ ಕೆಲಸಕ್ಕೆ ಶಿವಮೊಗ್ಗದ ಒಂದು ಗ್ಯಾರೇಜಿಗೆ ಲಾರಿಯಲ್ಲಿ ಕಳಿಸಿದೆವು. ಅಲ್ಲಿನ ಹುಡುಗರು ‘ಹಳೇದು, ತುಕ್ಕು’ ಅಂತ ಎರಡು ಪಟ್ಟಿ, ಒಂದು ಚಕ್ರದ ಮುಚ್ಚಳ ಗುಜರಿಗೆ ಹಾಕಿಬಿಟ್ಟಿದ್ದರು. ತಪ್ಪು ಅರ್ಧ ನನ್ನದೇ. ಕಳಿಸುವ ಮುಂಚೆ ಒಂದೊಂದನ್ನೂ ಫೋಟೋ ತೆಗೆದು, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಬೆಲೆ. ಹೇಳಲು ಬೇಜಾರು, ಆದರೆ ಲಾಟರಿ ಹೊಡೆದಿಲ್ಲ. ಡಿಲೈಟೋ ಪದ್ಮಿನಿಯೋ ಆದರೆ ಅದು ಸಾವಿರಗಟ್ಟಲೆ ತಯಾರಾದ ಕಾರು. ಸರಿಮಾಡಿಸಿ ಮಾರಿ ಲಾಭ ಮಾಡುತ್ತೇನೆ ಅಂತ ಇದ್ದರೆ ಕೈ ಹಾಕಬೇಡಿ. ಇದ್ದ ಹಾಗೆಯೇ, ಧೂಳು ಸಮೇತ, ಇಷ್ಟಪಡುವ ಯಾರಿಗಾದರೂ ಕೊಡಿ. ಸುಮ್ನೆ ಒಂದು ಕೋಟ್ ಬಣ್ಣ ಹೊಡೆಸಿ ಮಾರುವ ಯೋಚನೆಯೂ ಬೇಡ, ಗೊತ್ತಿರುವವರು ಮೊದಲು ಆ ಬಣ್ಣದ ಕೆಳಗೆ ಏನಿದೆ ಅಂತಲೇ ಅನುಮಾನ ಪಡುತ್ತಾರೆ.

ಕಾಗದಪತ್ರ ಮಾತ್ರ ಇವತ್ತೇ ಹುಡುಕಿ. ನಮ್ಮ ಆರ್‌ಸಿ ಪುಸ್ತಕ ಅಜ್ಜಯ್ಯನ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಂದಾಯದ ರಸೀದಿಗಳ ಕೆಳಗೆ ಇತ್ತು. ಅದರ ಮೇಲೆ ಮೈಸೂರು ರಾಜ್ಯ ಅಂತಲೇ ಇದೆ, ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಲ್ವಾ. ಅದರಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಕಾರಿನ ಮೇಲಿನದಕ್ಕೆ ತಾಳೆ ಆಗುತ್ತದಾ ನೋಡಿ. ಮಾಲೀಕರು ತೀರಿಕೊಂಡಿದ್ದರೆ ಹೆಸರು ಬದಲಾವಣೆಗೆ ಫಾರಂ 31, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಕಾರಿಗೆ 50 ವರ್ಷ ಮೀರಿದ್ದು, ಮೂಲ ರೂಪದಲ್ಲೇ ಇದ್ದರೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷಕ್ಕೆ. ಹಾಗೆ ಸಿಗುವ ಹೊಸ ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ಕಾರನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಪೇಟೆಗೆ ಹೋಗಿ ಬರಲು ಅಲ್ಲ.

ನಮ್ಮ ಇಂಜಿನ್ ಓಡಿದ್ದು ಐದು ತಿಂಗಳಿಗೆ. ಇಬ್ಬರು ಮಾವಂದಿರ ಸಹಿ ಆಗಲು ಎರಡು ವರ್ಷ ಹಿಡಿಯಿತು. ಅದೂ ಬೇರೆ ಬೇರೆ ದಿನ ಬಂದು ಹಾಕಿದರು. ನಂಬರಿನ ಕೆಲಸ ಇನ್ನು ಶುರುವಾಗಬೇಕು, ಅಲ್ಲಿಯವರೆಗೆ ಕಾರು ಅಂಗಳದಿಂದ ತೋಟದ ಗೇಟಿನವರೆಗೆ ಹೋಗಿ ವಾಪಸ್ ಬರುತ್ತದೆ. ದೊಡ್ಡಮಾವ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಚಿಕ್ಕಮಾವ ಬಂದರೆ ಕೂರುವುದಿಲ್ಲ. ಹಿಂದೆ ಹೋಗಿ ಡಿಕ್ಕಿ ಎತ್ತಿ, ಹೊಸ ತಗಡನ್ನು ಬೆರಳಿನಿಂದ ತಟ್ಟಿ, ‘ಮೈಲುತುತ್ತ ನಾನು ಇಟ್ಟಿದ್ದಲ್ಲ ಮಾರಾಯ’ ಅನ್ನುತ್ತಾರೆ.